‘ಕೈ ಹಚ್ಚಬ್ಯಾಡ್ರಿ’ ಎಂಬ ಮಾತಿಗೆ ಪ್ರತಿಮಾತು

ಆಟೋಮ್ಯಾಟಿಕ್ ಗೇರಿನ ಕಾರು ಕೆಟ್ಟು ನಿಂತಾಗ ನಿಂಬರ್ಗಾದಿಂದ ಹಿಡಿದು ಆಳಂದ, ಅಫಜಲಪುರ, ಜೇವರ್ಗಿಯವರೆಗೆ ಕೇಳಿಬರುವ ಮಾತು ಒಂದೇ: ‘ಅದಕ್ಕ ಕೈ ಹಚ್ಚಬ್ಯಾಡ್ರಿ, ಒಮ್ಮಿ ಬಿಚ್ಚಿದ್ರ ಮುಗೀತು.’ ದೊಡ್ಡ ಊರಿನ ಶೋರೂಮಿನಲ್ಲಿ ಅದೇ ಮಾತು ಇಸ್ತ್ರಿ ಮಾಡಿಸಿಕೊಂಡು ಬರುತ್ತದೆ: ‘ಇದು ರಿಪೇರಿ ಆಗೋ ಐಟಮ್ ಅಲ್ಲ ಸರ್, ಅಸೆಂಬ್ಲಿನೇ ಬದಲಿಸಬೇಕು.’ ಗಾಡಿ ಹೊಸದಿದ್ದಾಗ ಹೇಳಿದ ಇನ್ನೊಂದು ಮಾತೂ ಇದರ ಒಡಹುಟ್ಟೇ: ‘ಇದರ ಆಯಿಲ್ ಲೈಫ್‌ಟೈಮ್, ಬದಲಿಸೋದೇ ಬೇಡ.’ ಆ ಪೆಟ್ಟಿಗೆಯೊಳಗೆ ಊರಿನ ಮಿಸ್ತ್ರಿಯ ಕೈಗೆ ನಿಲುಕದ ಏನೋ ಇದೆ, ಕಾರ್ಖಾನೆ ಮುಚ್ಚಿದ್ದನ್ನು ಕಾರ್ಖಾನೆಯೇ ತೆರೆಯಬೇಕು ಎಂಬ ನಂಬಿಕೆ ಈ ಮೂರೂ ಮಾತುಗಳ ಬೇರು. ಗಿರಾಕಿ ನಂಬುತ್ತಾನೆ, ಮಿಸ್ತ್ರಿಯೂ ನಂಬುತ್ತಾನೆ, ನಂಬಿಸಿದವರಿಗೆ ಅಸೆಂಬ್ಲಿಯ ಬಿಲ್ಲು ಸಿಗುತ್ತದೆ. ಈ ನಂಬಿಕೆಗೆ ಆಧಾರವಿಲ್ಲ. ಬಿಚ್ಚಿದ ಗೇರ್‌ಬಾಕ್ಸು ಮತ್ತೆ ಕೆಟ್ಟರೆ, ಬಿಚ್ಚುವ ಮೊದಲು, ಬಿಚ್ಚಿದಾಗ ಮತ್ತು ಜೋಡಿಸಿದ ಮೇಲೆ ವಹಿಸಬೇಕಾದ ಎಚ್ಚರಿಕೆಗಳಲ್ಲಿ ಯಾವುದೋ ಒಂದೆರಡನ್ನು ಬಿಟ್ಟಿರುತ್ತಾರೆ. ಅವನ್ನು ಬಿಟ್ಟರೆ ಲಕ್ಷಗಟ್ಟಲೆ ಸುರಿದು ತಂದ ಹೊಸ ಅಸೆಂಬ್ಲಿಯೂ ಉಳಿಯುವುದಿಲ್ಲ.

ಒಳಗೆ ಇರುವುದಾದರೂ ಏನು? ಎಂಜಿನ್ನಿನ ಬೆನ್ನಿಗೆ ಟಾರ್ಕ್ ಕನ್ವರ್ಟರ್ ಕೂತಿರುತ್ತದೆ. ಎಣ್ಣೆಯ ಸುಳಿಯಿಂದಲೇ ಶಕ್ತಿ ದಾಟಿಸುವ ಈ ಉಪಾಯಕ್ಕೆ ಜರ್ಮನಿಯ ಹರ್ಮನ್ ಫೆಟ್ಟಿಂಗರ್ 1905ರಲ್ಲೇ ಪೇಟೆಂಟ್ ಪಡೆದಿದ್ದ, ಅದೂ ಹಡಗುಗಳಿಗಾಗಿ. ಅದರ ಹಿಂದೆ ಒಂದು ಎಣ್ಣೆ ಪಂಪು. ನಡುಗಾಲಿಯ ಸುತ್ತ ಸಣ್ಣ ಗಾಲಿಗಳು ತಿರುಗುವ ಪ್ಲಾನೆಟರಿ ಗೇರುಗಳು. ಆ ಗೇರುಗಳಲ್ಲಿ ಒಂದನ್ನು ಹಿಡಿದು ಇನ್ನೊಂದನ್ನು ಬಿಡುವ, ಎಣ್ಣೆಯಲ್ಲೇ ಮುಳುಗಿರುವ ಕ್ಲಚ್ ಪ್ಲೇಟುಗಳ ಕಟ್ಟುಗಳು. ಎಣ್ಣೆ ಯಾವ ಕಟ್ಟಿಗೆ ಹೋಗಬೇಕೆಂದು ದಾರಿ ತಿರುಗಿಸುವ ವಾಲ್ವ್ ಬಾಡಿ. ಅದರ ಮೇಲೆ ಸೊಲೆನಾಯ್ಡುಗಳು, ಅವುಗಳಿಗೆ ಅಪ್ಪಣೆ ಕೊಡುವ ಕಂಪ್ಯೂಟರು. ಜನರಲ್ ಮೋಟರ್ಸ್ ತನ್ನ ಹೈಡ್ರಾಮ್ಯಾಟಿಕ್ ಪೆಟ್ಟಿಗೆಯನ್ನು 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರಿನಲ್ಲಿ ಮಾರತೊಡಗಿತು. ಅಂದಿನಿಂದ ಇಂಥ ಪೆಟ್ಟಿಗೆಗಳನ್ನು ಬಿಚ್ಚಿ ಕಟ್ಟುವುದೇ ಅಮೆರಿಕದಲ್ಲಿ ಒಂದು ಪ್ರತ್ಯೇಕ ಕಸುಬಾಗಿ ಬೆಳೆದಿದೆ. ಅಲ್ಲಿನ ಸಣ್ಣ ಊರಿನ ಗ್ಯಾರೇಜಿನಲ್ಲೂ ಇದು ದಿನನಿತ್ಯದ ಕೆಲಸ. ‘ಅದು ಅಮೆರಿಕ, ಇದು ಆಳಂದ’ ಎನ್ನುವವರು ಒಮ್ಮೆ ತಮ್ಮ ಊರಿನ ಬಾವಿ ತೋಡುವ, ರಸ್ತೆ ಅಗೆಯುವ ಜೆಸಿಬಿಯನ್ನು ನೋಡಬೇಕು. ನಮ್ಮ ಕಡೆ ಎಲ್ಲೆಲ್ಲೂ ಕಾಣುವ ತ್ರೀಡಿಎಕ್ಸ್ ಯಂತ್ರದಲ್ಲಿ ಇರುವುದೂ ಟಾರ್ಕ್ ಕನ್ವರ್ಟರೇ. ಅದು ಹಿಂದೆ ಮುಂದೆ ಓಡುವುದೂ ಎಣ್ಣೆಯ ಒತ್ತಡದಿಂದ ಹಿಡಿಯುವ ಕ್ಲಚ್ ಪ್ಲೇಟುಗಳ ಬಲದಿಂದಲೇ. ಅದು ಕೆಟ್ಟರೆ ಮಾಲೀಕ ಕೆಲಸ ನಿಲ್ಲಿಸಿ ಕೂರುವುದಿಲ್ಲ. ತಾಲೂಕಿನಲ್ಲೇ ಬಿಚ್ಚಿಸಿ, ಪ್ಲೇಟು ಸೀಲು ಹಾಕಿಸಿ, ಮರಳಿ ಓಡಿಸುತ್ತಾನೆ. ಭೂಸನೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊರುವ ಟ್ರ್ಯಾಕ್ಟರುಗಳ ಹೈಡ್ರಾಲಿಕ್ ಲಿಫ್ಟೂ ಪಂಪು, ವಾಲ್ವು, ಸೀಲುಗಳ ಆಟವೇ. ಎಣ್ಣೆಯಲ್ಲಿ ಮುಳುಗಿದ ಅವುಗಳ ಬ್ರೇಕು ಬಿಚ್ಚಿ ಕಟ್ಟುವವರು ಹೋಬಳಿಗೊಬ್ಬರಾದರೂ ಇದ್ದಾರೆ. ಅದೇ ತತ್ವ ಕಾರಿನ ಹೊಟ್ಟೆಯೊಳಗೆ ಹೊಕ್ಕ ಕೂಡಲೇ ಮಂತ್ರವಾಗಿಬಿಡುವುದು ಹೇಗೆ? ಒಂದು ವ್ಯತ್ಯಾಸವಿದೆ, ಅದನ್ನು ಮುಚ್ಚಿಡಬಾರದು: ಕಾರಿನ ಪೆಟ್ಟಿಗೆಯ ಸಡಿಲುಗಳು ಬಹಳ ಸಣ್ಣವು, ಅದು ಒರಟುತನವನ್ನು ಕ್ಷಮಿಸುವುದಿಲ್ಲ. ಇದರಿಂದ ಹೊರಡುವ ತೀರ್ಮಾನ ಹೆಚ್ಚು ಎಚ್ಚರ ಬೇಕು ಎಂಬುದು. ಮುಟ್ಟಲೇಬಾರದು ಎಂಬುದಕ್ಕೆ ಇಲ್ಲಿ ಎಲ್ಲೂ ಆಧಾರವಿಲ್ಲ.

ಲೈಫ್‌ಟೈಮ್ ಎಣ್ಣೆಯ ಮಾತನ್ನು ಮೊದಲು ಮುಗಿಸೋಣ, ಯಾಕೆಂದರೆ ಎಷ್ಟೋ ಗೇರ್‌ಬಾಕ್ಸುಗಳು ಸಾಯುವ ದಾರಿ ಅಲ್ಲಿಂದಲೇ ಶುರುವಾಗುತ್ತದೆ. ಈ ಎಣ್ಣೆ ಗೇರಿನ ಹಲ್ಲು ನಯವಾಗಿಸುವ ಕೆಲಸವೊಂದನ್ನೇ ಮಾಡುವುದಿಲ್ಲ. ಕ್ಲಚ್ ಹಿಡಿಸುವುದೂ ಅದೇ, ಕನ್ವರ್ಟರಿನಲ್ಲಿ ಶಕ್ತಿ ದಾಟಿಸುವುದೂ ಅದೇ, ಒಳಗಿನ ಬಿಸಿಯನ್ನು ಹೊತ್ತು ಕೂಲರಿಗೆ ಒಯ್ಯುವುದೂ ಅದೇ. ಇಷ್ಟು ದುಡಿಯುವ ದ್ರವ ಸವೆಯುವುದಿಲ್ಲ ಎನ್ನುವುದು ಕೇಳಲಿಕ್ಕೇ ವಿಚಿತ್ರ. ಯುರೋಪಿನ ಹಲವು ಕಾರು ಕಂಪನಿಗಳಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಜರ್ಮನಿಯ ಜೆಡ್‌ಎಫ್ ಸಂಸ್ಥೆ ತನ್ನ ಪೆಟ್ಟಿಗೆಗಳ ಎಣ್ಣೆಯನ್ನು 80,000ದಿಂದ 1,20,000 ಕಿಲೋಮೀಟರಿನೊಳಗೆ, ತಡವೆಂದರೆ 8 ವರ್ಷಕ್ಕೆ ಬದಲಿಸಿ ಎಂದು ತಾನೇ ಹೇಳುತ್ತದೆ. ಅದೇ ಪೆಟ್ಟಿಗೆ ಹೊತ್ತ ಕಾರನ್ನು ಮಾರುವವನು ಜೀವಮಾನದ ಎಣ್ಣೆ ಎನ್ನುತ್ತಾನೆ. ಪೆಟ್ಟಿಗೆ ಮಾಡಿದವನನ್ನು ನಂಬಬೇಕೋ, ಮಾರಿದವನನ್ನೋ? ಇನ್ನೊಂದು ಪುರಾವೆ: 2013ರ ನವೆಂಬರಿನಲ್ಲಿ ಫೋಕ್ಸ್‌ವ್ಯಾಗನ್ ಕಂಪನಿ ಜಗತ್ತಿನಾದ್ಯಂತ ಸುಮಾರು 16 ಲಕ್ಷ ಕಾರುಗಳನ್ನು ಮರಳಿ ಕರೆಸಿತು. ಬಿಸಿ ಮತ್ತು ತೇವದ ಹವೆಯಲ್ಲಿ, ನಿಂತು ನಿಂತು ಸಾಗುವ ಓಡಾಟದಲ್ಲಿ ಅವುಗಳ ಏಳು ಗೇರಿನ ಡಿಎಸ್‌ಜಿ, ಅಂದರೆ ಎರಡು ಕ್ಲಚ್ಚಿನ ಪೆಟ್ಟಿಗೆಯ ವಿದ್ಯುತ್ ಭಾಗ ಕೆಡುತ್ತಿತ್ತು. ಪರಿಹಾರವೆಂದು ಕಂಪನಿ ಮಾಡಿದ್ದೇನೆಂದರೆ, ಒಳಗಿನ ಸಿಂಥೆಟಿಕ್ ಎಣ್ಣೆ ಇಳಿಸಿ ಮಿನರಲ್ ಎಣ್ಣೆ ತುಂಬಿದ್ದು. ಕಾರ್ಖಾನೆಯಲ್ಲೇ ತುಂಬಿದ ಎಣ್ಣೆಯೂ ಹವಾಮಾನದ ಮುಂದೆ ಸೋಲಬಲ್ಲದು ಎಂದಾಯಿತು. ಏಪ್ರಿಲ್ ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಕಲಬುರಗಿ ಜಿಲ್ಲೆಯಲ್ಲಿ ಈ ಪಾಠ ಇನ್ನೂ ಹತ್ತಿರದ್ದು. ಉಷ್ಣತೆ 10 ಡಿಗ್ರಿ ಏರಿದರೆ ಎಣ್ಣೆ ಹಾಳಾಗುವ ವೇಗ ಸರಿಸುಮಾರು ಇಮ್ಮಡಿ ಎಂಬುದು ರಸಾಯನಶಾಸ್ತ್ರದ ಒರಟು ಲೆಕ್ಕ. ತಂಪು ದೇಶದ ರಸ್ತೆಗೆ ಬರೆದ ಪುಸ್ತಕದ ಕಿಲೋಮೀಟರನ್ನು ಇಲ್ಲಿ ಹಾಗೇ ಒಪ್ಪುವುದಕ್ಕಿಂತ ಮೊದಲೇ ಬದಲಿಸುವುದು ಲಾಭ.

ಈಗ ಕೆಟ್ಟ ಗಾಡಿಯ ವಿಷಯ. ಬಿಚ್ಚುವುದಕ್ಕೆ ಮೊದಲಿನ ಎಚ್ಚರಿಕೆಯೇ ಅತಿ ದೊಡ್ಡದು, ಮತ್ತು ಅದಕ್ಕೆ ಖರ್ಚು ಅತಿ ಕಡಿಮೆ. ಗೇರ್ ಹಿಡಿಯುವುದಿಲ್ಲ, ತಡವಾಗಿ ಹಿಡಿಯುತ್ತದೆ, ಜಗ್ಗಿ ಹಿಡಿಯುತ್ತದೆ ಎಂಬ ದೂರುಗಳಲ್ಲಿ ಹಲವಕ್ಕೆ ಕಾರಣ ಪೆಟ್ಟಿಗೆಯ ಗರ್ಭದಲ್ಲಿ ಇರುವುದೇ ಇಲ್ಲ. ಎಣ್ಣೆಯ ಮಟ್ಟ ಇಳಿದಿರಬಹುದು. ಕೂಲರಿನ ಪೈಪಿನಲ್ಲಿ ಸೋರಿರಬಹುದು. ಬ್ಯಾಟರಿ ಸೊರಗಿ ಕಂಪ್ಯೂಟರು ಗೊಂದಲಕ್ಕೆ ಬಿದ್ದಿರಬಹುದು. ಅರ್ಥಿಂಗ್ ವೈರು ತುಕ್ಕು ಹಿಡಿದಿರಬಹುದು. ಎಂಜಿನ್ ಮೌಂಟಿಂಗ್ ಹರಿದು ಪ್ರತಿ ಗೇರಿಗೂ ಧಡ್ ಅನ್ನುತ್ತಿರಬಹುದು. ಇಲಿ ವೈರು ಕಡಿದಿರಬಹುದು, ನಮ್ಮ ಕಡೆ ಕಣದ ಪಕ್ಕ ನಿಲ್ಲುವ ಗಾಡಿಗಳಿಗೆ ಇದು ತಪ್ಪಿದ್ದಲ್ಲ. ಹಾಗಾಗಿ ಕ್ರಮ ಇದು: ಎಣ್ಣೆಯ ಮಟ್ಟ, ಬಣ್ಣ, ವಾಸನೆ ನೋಡುವುದು, ಸ್ಕ್ಯಾನರ್ ಹಚ್ಚಿ ಕೋಡುಗಳನ್ನು ಓದಿ, ಅಳಿಸುವ ಮೊದಲು ಬರೆದಿಟ್ಟುಕೊಳ್ಳುವುದು, ಪೆಟ್ಟಿಗೆಯ ಮೇಲಿರುವ ಪರೀಕ್ಷಾ ರಂಧ್ರಕ್ಕೆ ಗೇಜು ಜೋಡಿಸಿ ಎಣ್ಣೆಯ ಒತ್ತಡ ಅಳೆಯುವುದು. ಒತ್ತಡ ಎಲ್ಲ ಗೇರಿನಲ್ಲೂ ಕಡಿಮೆಯಿದ್ದರೆ ಪಂಪು ಅಥವಾ ಫಿಲ್ಟರಿನ ಮೇಲೆ ಅನುಮಾನ, ಒಂದೇ ಗೇರಿನಲ್ಲಿ ಬಿದ್ದರೆ ಆ ಗೇರಿನ ಕ್ಲಚ್ಚಿನ ಸೀಲಿನ ಮೇಲೆ. ಬ್ರೇಕು ತುಳಿದು ಗೇರು ಹಾಕಿ ಪೂರ್ತಿ ಆಕ್ಸಿಲರೇಟರ್ ಕೊಡುವ ಸ್ಟಾಲ್ ಪರೀಕ್ಷೆ ಮಾಡುವುದಾದರೆ 5 ಸೆಕೆಂಡು ದಾಟಬಾರದು, ಗಾಡಿಯ ಮುಂದೆ ಹಿಂದೆ ನರಪಿಳ್ಳೆ ನಿಂತಿರಬಾರದು. ಆ ಕೆಲವು ಸೆಕೆಂಡಿನಲ್ಲಿ ಎಂಜಿನ್ನಿನ ಅಷ್ಟೂ ಶಕ್ತಿ ಕನ್ವರ್ಟರಿನ ಎಣ್ಣೆಯನ್ನು ಕಾಯಿಸುವುದಕ್ಕೇ ಹೋಗುತ್ತದೆ. ಇಷ್ಟೂ ಮಾಡದೆ ‘ಅಸೆಂಬ್ಲಿ ಹೋಗಿದೆ’ ಎಂದು ಹೇಳುವವನು ರೋಗಿಯ ನಾಡಿ ಮುಟ್ಟದೆ ಶಸ್ತ್ರಚಿಕಿತ್ಸೆ ಬರೆದ ವೈದ್ಯ.

ಇಲ್ಲಿ ನಮ್ಮ ಭಾಗದ ಒಂದು ಕೆಟ್ಟ ರೂಢಿಯನ್ನೂ ಹೇಳಬೇಕು. ಗಾಡಿ ಹೊಲದ ದಾರಿಯಲ್ಲಿ ನಿಂತಿತೆಂದರೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಆಳಂದದವರೆಗೋ ಕಲಬುರಗಿಯವರೆಗೋ ಎಳೆದುಕೊಂಡು ಹೋಗುತ್ತಾರೆ. ಕೈಗೇರಿನ ಗಾಡಿಗೆ ನಡೆದೀತು. ಆಟೋಮ್ಯಾಟಿಕ್ ಪೆಟ್ಟಿಗೆಯ ಎಣ್ಣೆ ಪಂಪು ತಿರುಗುವುದು ಎಂಜಿನ್ನಿನಿಂದ. ಎಂಜಿನ್ ನಿಂತು ಚಕ್ರ ಮಾತ್ರ ತಿರುಗಿದರೆ ಒಳಗಿನ ಗೇರು, ಬುಶ್ಶು, ಬೇರಿಂಗುಗಳು ಎಣ್ಣೆಯಿಲ್ಲದೆ ಒಣಗಿ ತಿರುಗುತ್ತವೆ. ಸಣ್ಣ ಸೊಲೆನಾಯ್ಡ್ ದೋಷದಿಂದ ನಿಂತ ಗಾಡಿ ಗ್ಯಾರೇಜು ಮುಟ್ಟುವ ಹೊತ್ತಿಗೆ ನಿಜವಾಗಿ ಹಾಳಾಗಿರುತ್ತದೆ. ಓಡಿಸುವ ಚಕ್ರಗಳು ನೆಲ ಮುಟ್ಟದಂತೆ ಎತ್ತಿ, ಇಲ್ಲವೇ ಇಡೀ ಗಾಡಿಯನ್ನು ಲಾರಿಯ ಮೇಲೆ ಹೇರಿ ಸಾಗಿಸಬೇಕು. ಹಗ್ಗದಲ್ಲಿ ಎಳೆದು ತಂದು, ಆಮೇಲೆ ‘ನಮ್ಮ ಕಡೆ ಇದು ರಿಪೇರಿ ಆಗೂದಿಲ್ಲ’ ಎಂದರೆ ಅದು ಪೆಟ್ಟಿಗೆಯ ತಪ್ಪಲ್ಲ.

ಪೆಟ್ಟಿಗೆ ಇಳಿಸುವಾಗಿನ ಎಚ್ಚರಿಕೆಗಳು ಹೊರನೋಟಕ್ಕೆ ಸಾಮಾನ್ಯವಾದವು: ಬ್ಯಾಟರಿಯ ತಂತಿ ಬಿಚ್ಚುವುದು, ಗಾಡಿಯನ್ನು ಜಾಕಿನ ಮೇಲೆ ನಂಬದೆ ಗಟ್ಟಿ ಸ್ಟ್ಯಾಂಡಿನ ಮೇಲೆ ಕೂರಿಸುವುದು, ಬಿಸಿ ಎಣ್ಣೆ ತಣಿಯುವವರೆಗೆ ಕಾಯುವುದು. ದೊಡ್ಡ ಗಾಡಿಯ ಪೆಟ್ಟಿಗೆಯ ತೂಕ ಒಬ್ಬ ಮನುಷ್ಯನಷ್ಟಾದರೂ ಇರುತ್ತದೆ. ಎದೆಯ ಮೇಲೆ ಹೊತ್ತು ಇಳಿಸುವ ಸಾಹಸ ಬೇಡ, ಟ್ರಾನ್ಸ್‌ಮಿಷನ್ ಜಾಕು ಬೇಕು. ನಿಜವಾದ ಪರೀಕ್ಷೆ ಇರುವುದು ಬೆಂಚಿನ ಮೇಲೆ. ವಾಲ್ವ್ ಬಾಡಿಯೊಳಗಿನ ವಾಲ್ವಿಗೂ ಅದರ ಕೊಳವೆಗೂ ನಡುವಿನ ಸಡಿಲು ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಒರೆಸುವುದಕ್ಕೆ ಬಳಸಿದ ಹಳೆ ಬನಿಯನ್ನಿನ ಒಂದು ಎಳೆ ಸಿಕ್ಕಿಕೊಂಡರೆ ವಾಲ್ವು ನಿಂತೇಹೋಗುತ್ತದೆ, ಆ ಗೇರು ಹೋಗಿ ‘ಬಿಚ್ಚಿದ್ದಕ್ಕ ಹಾಳಾತು’ ಎಂಬ ಗಾದೆಗೆ ಇನ್ನೊಬ್ಬ ಸಾಕ್ಷಿ ಹುಟ್ಟುತ್ತಾನೆ. ತೊಗರಿ ರಾಶಿಯ ದಿನಗಳಲ್ಲಿ ಆಳಂದದ ಗಾಳಿಯಲ್ಲಿ ಹೊಟ್ಟು ಹಾರುತ್ತಿರುತ್ತದೆ, ಬೇಸಿಗೆಯಲ್ಲಿ ಎರೆಮಣ್ಣಿನ ಸಣ್ಣ ಪುಡಿ; ರಸ್ತೆಗೆ ಬಾಯಿ ತೆರೆದ ತಗಡಿನ ಶೆಡ್ಡಿನಲ್ಲಿ ವಾಲ್ವ್ ಬಾಡಿ ಬಿಚ್ಚಿ ಊಟಕ್ಕೆ ಹೋಗುವವನಿಗೆ ಈ ಕೆಲಸ ಸಲ್ಲದು. ಬಾಗಿಲು ಮುಚ್ಚುವ ಒಂದು ಕೋಣೆ, ತೊಳೆಯಬಲ್ಲ ಬೆಂಚು, ಎಳೆ ಬಿಡದ ಬಟ್ಟೆ, ಒಣ ಗಾಳಿಯ ಕಂಪ್ರೆಸರು, ಬಿಚ್ಚಿದ ಭಾಗಗಳನ್ನು ಮುಚ್ಚಿಡಲು ಡಬ್ಬಿಗಳು: ಇದು ಕೋಟಿ ರೂಪಾಯಿಯ ಬಂಡವಾಳವಲ್ಲ. ಊರಿನ ಡೀಸೆಲ್ ಪಂಪು ರಿಪೇರಿಯವರು ಇದಕ್ಕಿಂತ ಸೂಕ್ಷ್ಮ ಸಡಿಲುಗಳ ಜೊತೆ ಇಂಥ ಕೋಣೆಯಲ್ಲೇ ಕೆಲಸ ಮಾಡುತ್ತಾರೆ.

ಶುಚಿಯ ನಂತರ ಬರುವುದು ಕ್ರಮ. ವಾಲ್ವ್ ಬಾಡಿಯ ದಾರಿಗಳಲ್ಲಿ ಸಣ್ಣ ಗುಂಡುಗಳು ಇರುತ್ತವೆ. ಒಂದು ಗುಂಡು ತಪ್ಪಿದ ಕುಳಿಗೆ ಬಿದ್ದರೂ ಎಣ್ಣೆ ತಪ್ಪಿದ ದಾರಿ ಹಿಡಿಯುತ್ತದೆ. ಕೈಯಲ್ಲಿ ಮೊಬೈಲು ಇರುವ ಕಾಲದಲ್ಲಿ ಪ್ರತಿ ಪದರ ತೆಗೆಯುವ ಮೊದಲು ಒಂದು ಫೋಟೋ ತೆಗೆಯದವನಿಗೆ ಕ್ಷಮೆಯಿಲ್ಲ. ಪಿಸ್ಟನ್ನಿನ ಹಿಂದಿನ ಸ್ಪ್ರಿಂಗುಗಳು ಬಿಗಿದು ಕೂತಿರುತ್ತವೆ, ಸ್ಪ್ರಿಂಗ್ ಒತ್ತಿಹಿಡಿಯುವ ಕಂಪ್ರೆಸರ್ ಹಚ್ಚದೆ ಸರ್ಕ್ಲಿಪ್ ತೆಗೆದರೆ ಕಣ್ಣಿಗೆ ಹಾರುತ್ತವೆ; ಕನ್ನಡಕ ಹಾಕಿಕೊಳ್ಳುವುದು ಶೋಕಿಯಲ್ಲ. ಒಂದು ಕ್ಲಚ್ಚು ಸುಟ್ಟಿದೆಯೆಂದು ಅದೊಂದನ್ನೇ ಬದಲಿಸಿ ಉಳಿದ ಹಳೆ ಸೀಲುಗಳನ್ನು ಹಾಗೇ ಕೂರಿಸುವುದು ನಮ್ಮ ಉಳಿತಾಯ ಬುದ್ಧಿಯ ಅತಿ ದುಬಾರಿ ರೂಪ. ಬಿಸಿಗೆ ಗಟ್ಟಿಯಾದ ರಬ್ಬರು ಮುಂದಿನ ತಿಂಗಳು ಸೋರುತ್ತದೆ, ಒತ್ತಡ ಬೀಳುತ್ತದೆ, ಹೊಸ ಪ್ಲೇಟೂ ಸುಡುತ್ತದೆ. ಹೊಸ ಪ್ಲೇಟುಗಳನ್ನು ಒಣಗಿದ್ದ ಹಾಗೇ ಹಾಕಬಾರದು, ಸರಿಯಾದ ಎಣ್ಣೆಯಲ್ಲಿ ಕನಿಷ್ಠ ಅರ್ಧ ತಾಸು ನೆನೆಸಬೇಕು. ಒಣ ಪ್ಲೇಟು ಮೊದಲ ಬಾರಿ ಗೇರು ಹಾಕಿದಾಗಲೇ ಮೈ ಸುಟ್ಟುಕೊಳ್ಳುತ್ತದೆ. ಸೀಲು, ಬೇರಿಂಗು ಅಂಟಿಸಿಡಲು ಗ್ಯಾರೇಜಿನ ಡಬ್ಬಿಯ ಗ್ರೀಸು ಬಳಿಯುವುದು ಇನ್ನೊಂದು ಸಾಮಾನ್ಯ ತಪ್ಪು. ಅದು ಗೇರಿನ ಎಣ್ಣೆಯಲ್ಲಿ ಸರಿಯಾಗಿ ಕರಗುವುದಿಲ್ಲ, ಸಣ್ಣ ರಂಧ್ರಗಳಿಗೆ ಹೋಗಿ ಕೂರುತ್ತದೆ. ಕರಗಿಹೋಗುವ ಪೆಟ್ರೋಲಿಯಂ ಜೆಲ್ಲಿ, ಅಂದರೆ ಸಾದಾ ವ್ಯಾಸಲೀನು, ಸಾಕು. ತಳದ ಪ್ಯಾನಿಗೆ ಸಿಲಿಕೋನ್ ಪೇಸ್ಟು ಬಳಿದು ಬಿಗಿಯುವವರು ಒಳಗೆ ಹಿಂಡಿ ಬಂದ ಪೇಸ್ಟು ಕಿತ್ತುಕೊಂಡು ಫಿಲ್ಟರಿಗೆ ಬಡಿಯುವುದನ್ನು ಯೋಚಿಸುವುದಿಲ್ಲ. ಪ್ರತಿ ಕ್ಲಚ್ ಕಟ್ಟಿನ ಸಡಿಲನ್ನು ಫೀಲರ್ ಗೇಜಿನಿಂದ ಅಳೆದು, ಪುಸ್ತಕದ ಅಂಕಿಗೆ ಹೊಂದುವ ದಪ್ಪದ ಸ್ನ್ಯಾಪ್ ರಿಂಗು ಆರಿಸಬೇಕು. ಮುಚ್ಚುವ ಮೊದಲು ಎಣ್ಣೆಯ ದಾರಿಯಲ್ಲಿ ಹಗುರ ಒತ್ತಡದ ಗಾಳಿ ಬಿಟ್ಟು ಪಿಸ್ಟನ್ ಚಲಿಸುವುದನ್ನು ಕಿವಿಗೊಟ್ಟು ಕೇಳಬೇಕು. ಅಲ್ಯುಮಿನಿಯಂ ಮೈಯ ಬೋಲ್ಟುಗಳನ್ನು ಅಂದಾಜಿನ ಮೇಲೆ ಬಿಗಿಯುವ ಕೈ ಎಷ್ಟೇ ಪಳಗಿದ್ದರೂ ಟಾರ್ಕ್ ರೆಂಚಿಗೆ ಸಮವಲ್ಲ. ಇವುಗಳಲ್ಲಿ ಯಾವುದಕ್ಕೂ ಕಾರ್ಖಾನೆಯ ಗುಟ್ಟು ಬೇಕಿಲ್ಲ. ಬೇಕಿರುವುದು ಆ ಮಾದರಿಯ ಪುಸ್ತಕ, ಅಳತೆಯ ಉಪಕರಣ, ಮತ್ತು ‘ಸಂಜಿಕ್ಕ ಗಾಡಿ ಕೊಡ್ರಿ’ ಎಂದು ನೆತ್ತಿಯ ಮೇಲೆ ಕೂರದ ಗಿರಾಕಿ.

ಅಸೆಂಬ್ಲಿ ಬದಲಿಸುವುದೇ ನಿಶ್ಚಿಂತೆ ಎನ್ನುವವರ ವಾದದಲ್ಲಿ ಬಲವಿದೆ ಎಂದು ತೋರುವುದು ಇಲ್ಲಿ. ಇಷ್ಟೆಲ್ಲ ತಲೆನೋವು ಯಾಕೆ, ಗ್ಯಾರಂಟಿ ಸಮೇತ ಹೊಸದು ಬರುತ್ತದಲ್ಲ ಎಂದು ಕೇಳುತ್ತಾರೆ. ಆದರೆ ಹಳೆ ಪೆಟ್ಟಿಗೆ ಸತ್ತದ್ದು ಯಾಕೆ ಎಂದು ಕೇಳದೆ ಹೊಸದನ್ನು ಕೂರಿಸಿದರೆ ಅದೇ ಕಾರಣ ಹೊಸದರ ಮೇಲೂ ಎರಗುತ್ತದೆ. ಕ್ಲಚ್ಚು ಸುಟ್ಟಾಗ ಅದರ ಪುಡಿ, ಲೋಹದ ಚೂರು ಪೆಟ್ಟಿಗೆಯಲ್ಲೇ ನಿಲ್ಲುವುದಿಲ್ಲ, ಎಣ್ಣೆಯ ಜೊತೆ ಕೂಲರಿಗೂ ಪೈಪುಗಳಿಗೂ ಕನ್ವರ್ಟರಿಗೂ ಹೋಗಿ ಕೂರುತ್ತದೆ. ಪೆಟ್ಟಿಗೆ ಹೊಸದು ಹಾಕಿ ಕೂಲರು ತೊಳೆಯದೆ ಬಿಟ್ಟರೆ ಮೊದಲ ದಿನವೇ ಆ ಕಸ ಹೊಸ ಪೆಟ್ಟಿಗೆಯೊಳಗೆ ಬರುತ್ತದೆ. ಕನ್ವರ್ಟರು ಬೆಸುಗೆ ಹಾಕಿ ಮುಚ್ಚಿದ ಡಬ್ಬಿ. ಸೀಮೆಎಣ್ಣೆ ಸುರಿದು ಕುಲುಕಿದರೆ ಅದು ಶುಚಿಯಾಗುವುದಿಲ್ಲ. ಕತ್ತರಿಸಿ, ತೊಳೆದು, ಒಳಗಿನ ಲೈನಿಂಗ್ ಬದಲಿಸಿ, ಮತ್ತೆ ಬೆಸೆದು, ಸಮತೋಲನ ನೋಡುವವರ ಬಳಿ ಕಳಿಸಬೇಕು, ಇಲ್ಲವೇ ಬದಲಿಸಬೇಕು. ಕೂರಿಸುವಾಗ ಅದು ಪಂಪಿನ ಖಾಚಿನವರೆಗೆ ಪೂರ್ತಿ ಒಳಗೆ ಹೋಗಬೇಕು. ಅರ್ಧ ಕೂತ ಕನ್ವರ್ಟರನ್ನು ಬೋಲ್ಟಿನ ಬಲದಿಂದ ಎಳೆದು ಬಿಗಿದರೆ ಹೊಸ ಪಂಪು ಎಂಜಿನ್ ಶುರುವಾಗುವ ಮೊದಲೇ ಒಡೆಯುತ್ತದೆ. ಪೆಟ್ಟಿಗೆಯನ್ನು ಎಂಜಿನ್ನಿಗೆ ಬಿಗಿದ ಮೇಲೂ ಕನ್ವರ್ಟರು ಕೈಯಿಂದ ಸಲೀಸಾಗಿ ತಿರುಗಬೇಕು, ತಿರುಗದಿದ್ದರೆ ನಿಲ್ಲಿಸಿ ಇಳಿಸಬೇಕು. ನಮ್ಮ ನೀರಿನ ಕಥೆ ಬೇರೆ. ಅನೇಕ ಗಾಡಿಗಳಲ್ಲಿ ಗೇರಿನ ಎಣ್ಣೆಯ ಕೂಲರು ರೇಡಿಯೇಟರಿನೊಳಗೇ ಇರುತ್ತದೆ. ಕೂಲಂಟ್ ತೀರಿದಾಗ ಬೋರ್‌ವೆಲ್ಲಿನ ಗಡಸು ನೀರು ಸುರಿಯುವ ರೂಢಿ ನಮ್ಮದು. ಆ ನೀರು ಒಳಗೆ ಸುಣ್ಣ ಕಟ್ಟಿಸಿ, ತುಕ್ಕು ಹಿಡಿಸಿ, ಒಂದು ದಿನ ಕೂಲರಿನ ಗೋಡೆಯನ್ನು ತೂತು ಮಾಡುತ್ತದೆ. ನೀರು ಎಣ್ಣೆಗೆ ಬೆರೆತು ಕೆಂಪೆಣ್ಣೆ ಹಾಲು ಬೆರೆಸಿದ ಬಣ್ಣಕ್ಕೆ ತಿರುಗುತ್ತದೆ, ಪ್ಲೇಟಿನ ಮೇಲಿನ ಪದರದ ಅಂಟು ಬಿಡುತ್ತದೆ. ರೇಡಿಯೇಟರ್ ಮುಟ್ಟದೆ ಅಸೆಂಬ್ಲಿ ಮಾತ್ರ ಬದಲಿಸಿದವನು ಎರಡನೇ ಅಸೆಂಬ್ಲಿಗೂ ಹಣ ತೆಗೆದಿಡಬೇಕು. ಹೀಗೆ ನೋಡಿದರೆ ಬದಲಿಸುವವನಿಗೂ ಬಿಚ್ಚಿ ಕಟ್ಟುವವನಿಗೂ ಬೇಕಾದ ಎಚ್ಚರಿಕೆಗಳು ಬಹುಪಾಲು ಒಂದೇ. ಬದಲಿಸುವವನು ಬೆಂಚಿನ ಕೆಲಸದ ಹೊಣೆಯನ್ನಷ್ಟೇ ದಾಟಿಸುತ್ತಾನೆ, ಅದಕ್ಕೆ ಹಲವು ಪಟ್ಟು ಹಣ ಕೊಡುತ್ತಾನೆ.

‘ಎಣ್ಣೆ ಬದಲಿಸಿದ್ವಿ, ಮರುವಾರ ಗಾಡಿ ಕೆಟ್ಟಿತು’ ಎಂಬ ಅನುಭವದ ಮಾತು ‘ಕೈ ಹಚ್ಚಬ್ಯಾಡ್ರಿ’ ಎಂಬ ನಂಬಿಕೆಯ ದೊಡ್ಡ ಆಸರೆ. ಅದನ್ನು ಸುಳ್ಳೆಂದು ತಳ್ಳಿಹಾಕುವುದು ಸರಿಯಲ್ಲ, ಹಾಗೆ ಆಗುವುದುಂಟು. ಆದರೆ ಜೀವಮಾನದ ಎಣ್ಣೆ ಎಂದು ನಂಬಿ ಲಕ್ಷ ಕಿಲೋಮೀಟರ್ ಮುಟ್ಟದೆ ಓಡಿಸಿ, ಗೇರು ಜಾರತೊಡಗಿದ ಮೇಲೆ ಗಾಬರಿಯಿಂದ ಎಣ್ಣೆ ಬದಲಿಸುವವರೇ ಹೆಚ್ಚು. ಆ ಹೊತ್ತಿಗೆ ಪ್ಲೇಟುಗಳ ಪದರ ಸವೆದುಹೋಗಿರುತ್ತದೆ, ಪೆಟ್ಟಿಗೆ ಸಾಯುವ ದಾರಿಯಲ್ಲೇ ಇರುತ್ತದೆ; ಎಣ್ಣೆ ಬದಲಿಸಿದ್ದು ಕೊನೆಯ ಘಟನೆ, ಕಾರಣವಲ್ಲ. ಯಂತ್ರ ಹಚ್ಚಿ ಒತ್ತಡದಿಂದ ತೊಳೆಯುವುದೂ ಹಳೆ ಪೆಟ್ಟಿಗೆಗೆ ಅಪಾಯವೇ, ತಳದಲ್ಲಿ ಕೂತ ಕಸ ಎದ್ದು ವಾಲ್ವುಗಳಿಗೆ ನುಗ್ಗುತ್ತದೆ. ಅಂಥ ಗಾಡಿಗೆ ಪ್ಯಾನು ಇಳಿಸಿ, ಇಳಿದಷ್ಟು ಎಣ್ಣೆ ಮಾತ್ರ ಬದಲಿಸಿ, ಸ್ವಲ್ಪ ಓಡಿಸಿ, ಮತ್ತೊಮ್ಮೆ ಹಾಗೇ ಮಾಡುವುದು ಲೇಸು. ಪ್ಯಾನಿನ ತಳದ ಅಯಸ್ಕಾಂತ ಅಲ್ಲಿ ಬಹಳಷ್ಟು ಹೇಳುತ್ತದೆ: ಬೂದಿಯಂಥ ನುಣ್ಣನೆ ಪುಡಿ ಸಹಜ ಸವೆತ, ಬೆರಳಿಗೆ ಚುಚ್ಚುವ ಚೂರು ಕಂಡರೆ ಎಣ್ಣೆಯಿಂದ ಪರಿಹಾರವಿಲ್ಲ. ಎಣ್ಣೆಯ ಜಾತಿ ತಪ್ಪುವುದು ಇನ್ನೊಂದು ಕಾರಣ. ಬಣ್ಣ ಕೆಂಪಾದರೆ ಎಲ್ಲವೂ ಒಂದೇ ಅಲ್ಲ. ಪ್ರತಿ ಪೆಟ್ಟಿಗೆಯ ಪ್ಲೇಟುಗಳು ಇಷ್ಟೇ ಜಾರಬೇಕು, ಇಷ್ಟು ಬೇಗ ಹಿಡಿಯಬೇಕು ಎಂದು ಲೆಕ್ಕ ಹಾಕಿ ಎಣ್ಣೆಗೆ ಮಸಾಲೆ ಬೆರೆಸಿರುತ್ತಾರೆ. ಬೆಲ್ಟು ಮತ್ತು ಪುಲ್ಲಿಯ ಸಿವಿಟಿ ಪೆಟ್ಟಿಗೆಗೆ ಸಾದಾ ಆಟೋಮ್ಯಾಟಿಕ್ ಎಣ್ಣೆ ಸುರಿದರೆ ಬೆಲ್ಟು ಜಾರಿ ಪುಲ್ಲಿಯ ಮೈ ಗೀರುತ್ತದೆ, ಆಮೇಲೆ ಮಾಡುವುದೇನೂ ಉಳಿಯುವುದಿಲ್ಲ.

ಸಿವಿಟಿಯ ಮಾತು ಬಂದದ್ದರಿಂದ ಎದುರಾಳಿಗೆ ಒಂದು ಅಂಶ ಬಿಟ್ಟುಕೊಡಬೇಕು. ಎಲ್ಲ ಆಟೋಮ್ಯಾಟಿಕ್ಕೂ ಒಂದಲ್ಲ. ಗೀರು ಬಿದ್ದ ಸಿವಿಟಿ ಪುಲ್ಲಿಯನ್ನು, ಒಳಗೆ ಸುಟ್ಟ ಡಿಎಸ್‌ಜಿಯ ಮೆಕಾಟ್ರಾನಿಕ್ಸ್ ಘಟಕವನ್ನು ತಾಲೂಕಿನ ಶೆಡ್ಡಿನಲ್ಲಿ ಸರಿಪಡಿಸುತ್ತೇನೆ ಎನ್ನುವವನನ್ನು ನಂಬಬಾರದು. ಆದರೆ ನಮ್ಮ ಭಾಗದ ಜನ ಕೊಳ್ಳುವ ಸಣ್ಣ ಆಟೋಮ್ಯಾಟಿಕ್ ಗಾಡಿಗಳಲ್ಲಿ ಬಹಳಷ್ಟು ಎಎಂಟಿ. 2014ರ ಫೆಬ್ರವರಿಯಲ್ಲಿ ಮಾರುತಿ ತನ್ನ ಸೆಲೆರಿಯೊ ಕಾರಿನ ಮೂಲಕ ಇದನ್ನು ಮನೆಮಾತು ಮಾಡಿತು. ಇದರ ಒಳಗಿರುವುದು ಅದೇ ಹಳೆಯ ಕೈಗೇರಿನ ಪೆಟ್ಟಿಗೆ. ಕ್ಲಚ್ ತುಳಿಯುವ ಕಾಲಿನ ಬದಲು, ಗೇರು ಹಾಕುವ ಕೈಯ ಬದಲು ಮೇಲೆ ಒಂದು ಯಾಂತ್ರಿಕ ಘಟಕ ಕೂತಿದೆ. ಇದರ ಕ್ಲಚ್ ಪ್ಲೇಟು ಬದಲಿಸುವುದು ಕೈಗೇರಿನ ಗಾಡಿಯ ಕೆಲಸವೇ. ಬೇಕಾದ ಹೆಚ್ಚಿನ ಎಚ್ಚರಿಕೆ ಎಂದರೆ ಘಟಕದ ದ್ರವ ಸೋರದಂತೆ ನೋಡಿ, ಜೋಡಿಸಿದ ಮೇಲೆ ಸ್ಕ್ಯಾನರಿನಿಂದ ಹೊಸ ಕ್ಲಚ್ಚು ಹಿಡಿಯುವ ಬಿಂದುವನ್ನು ಕಂಪ್ಯೂಟರಿಗೆ ಕಲಿಸುವುದು. ಈ ಕಲಿಕೆಯ ಹಂತ ಬಿಟ್ಟಿದ್ದರಿಂದ ಜಗ್ಗುವ ಗಾಡಿಯನ್ನು ‘ಆಟೋ ಗೇರು ಹೋಗಿದೆ’ ಎಂದು ಘೋಷಿಸಿ ಇಡೀ ಘಟಕ ಮಾರುವುದಕ್ಕೆ ಏನೆನ್ನಬೇಕೋ ಓದುಗರೇ ಹೇಳಲಿ. ಇನ್ನೋವಾ ಕ್ರಿಸ್ಟಾದಂಥ ಗಾಡಿಗಳಲ್ಲಿರುವ ಟಾರ್ಕ್ ಕನ್ವರ್ಟರಿನ ಆರು ಗೇರಿನ ಪೆಟ್ಟಿಗೆಯಂತೂ ಬಿಚ್ಚಿ ಕಟ್ಟುವುದಕ್ಕೆ ಒಗ್ಗುವ ಜಾತಿಯೇ.

ಇನ್ನು ಉಳಿಯುವ ಆಕ್ಷೇಪ ಮಾಹಿತಿಯದು: ಪುಸ್ತಕ ಸಿಗುವುದಿಲ್ಲ, ಬಿಡಿಭಾಗ ಸಿಗುವುದಿಲ್ಲ, ಸ್ಕ್ಯಾನರಿಗೆ ಕಂಪನಿ ಬಾಗಿಲು ತೆರೆಯುವುದಿಲ್ಲ, ಹಾಗಿರುವಾಗ ಊರಿನ ಮಿಸ್ತ್ರಿ ಏನು ಮಾಡಬೇಕು? ಇದು ನಿಜ. ಆದರೆ ಇದು ಯಂತ್ರದ ಸ್ವಭಾವದ ಕಥೆಯಲ್ಲ, ವ್ಯಾಪಾರದ ಕಥೆ. ಅದಕ್ಕೆ ದೇಶದ ಸಂಸ್ಥೆಯೊಂದು ಬರೆದಿಟ್ಟ ದಾಖಲೆಯೇ ಇದೆ. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗ, ದೋಷ ಪತ್ತೆಯ ಉಪಕರಣ, ತಾಂತ್ರಿಕ ಕೈಪಿಡಿಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ತಡೆದು ಸ್ಪರ್ಧೆ ಕೊಂದಿದ್ದಾರೆ ಎಂಬುದು ಆರೋಪದ ತಿರುಳು. ಬೌದ್ಧಿಕ ಆಸ್ತಿಯ ನೆಪವನ್ನು ಆಯೋಗ ಒಪ್ಪಲಿಲ್ಲ. ಕಂಪನಿಗಳು ಮೇಲ್ಮನವಿಗೆ ಹೋದವು, ವ್ಯಾಜ್ಯ ವರ್ಷಗಟ್ಟಲೆ ಎಳೆಯಿತು. 2022ರ ಡಿಸೆಂಬರಿನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿಗಾಗಿ ಒಂದು ಪೋರ್ಟಲ್ ತೆರೆಯಿತು. ಅದರ ವ್ಯಾಪ್ತಿಯಲ್ಲಿ ಕೃಷಿ ಯಂತ್ರಗಳ ಜೊತೆ ವಾಹನಗಳೂ ಸೇರಿವೆ. ಅಧಿಕೃತ ಜಾಲ ಎಂದಾಕ್ಷಣ ಪ್ರಾಮಾಣಿಕ ಎಂದು ಭಾವಿಸುವವರು ಆಸ್ಟ್ರೇಲಿಯಾದ ಪ್ರಕರಣವನ್ನೂ ನೋಡಬೇಕು: ಪವರ್‌ಶಿಫ್ಟ್ ಗೇರ್‌ಬಾಕ್ಸಿನ ದೂರು ಹೊತ್ತು ಬಂದ ಗ್ರಾಹಕರನ್ನು ನಡೆಸಿಕೊಂಡ ರೀತಿ ಅನ್ಯಾಯದ್ದೆಂದು ಅಲ್ಲಿನ ಫೆಡರಲ್ ನ್ಯಾಯಾಲಯ 2018ರ ಏಪ್ರಿಲ್‌ನಲ್ಲಿ ಫೋರ್ಡ್ ಕಂಪನಿಗೆ 1 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು. ವಾರಂಟಿ ಇರುವವರೆಗೆ ಹೊರಗೆ ಬಿಚ್ಚಿಸಬಾರದು ಎಂಬುದು ಸರಿಯಾದ ಸಲಹೆ, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ವಾರಂಟಿ ಮುಗಿದ ಹತ್ತು ವರ್ಷದ ಗಾಡಿಗೂ ಅದೇ ಸಲಹೆ ಕೊಡುವುದು ಬೇರೆ ವಿಷಯ. ನಮ್ಮ ಐಟಿಐಗಳಲ್ಲಿ ಮೆಕ್ಯಾನಿಕ್ ಮೋಟಾರ್ ವೆಹಿಕಲ್ ಎಂಬ ಎರಡು ವರ್ಷದ ಟ್ರೇಡು ಇದೆ. ಕೆಟ್ಟು ಬಿದ್ದ ನಾಲ್ಕು ಪೆಟ್ಟಿಗೆಗಳನ್ನು ಗುಜರಿಯಿಂದ ತಂದು ಆ ಹುಡುಗರ ಮುಂದೆ ಬೆಂಚಿನ ಮೇಲೆ ಇಟ್ಟರೆ, ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೇರಿ ಕಳಿಸುವ ಗಾಡಿಗಳಲ್ಲಿ ಎಷ್ಟೋ ಇಲ್ಲೇ ಉಳಿಯುತ್ತವೆ.

ಕೊನೆಯ ಹಂತ ಎಣ್ಣೆ ತುಂಬುವುದು. ಹೊರಗೆ ಬರೆದ ಪುಸ್ತಕವನ್ನು ನಮ್ಮ ನೆಲಕ್ಕೆ ತಕ್ಕಂತೆ ಓದಬೇಕಾದ ಜಾಗವೂ ಇದೇ. ಈಗಿನ ಅನೇಕ ಪೆಟ್ಟಿಗೆಗಳಲ್ಲಿ ಅಳೆಯುವ ಕಡ್ಡಿಯೇ ಇಲ್ಲ; ಎಂಜಿನ್ ಚಾಲೂ ಇಟ್ಟು, ಗಾಡಿ ಸಮತಟ್ಟಾಗಿ ನಿಲ್ಲಿಸಿ, ಎಣ್ಣೆಯ ಉಷ್ಣತೆ ಕಂಪನಿ ಹೇಳಿದ ಮಿತಿಯಲ್ಲಿರುವಾಗ ಮಟ್ಟದ ಬಿರಡೆ ತೆಗೆದು ನೋಡಬೇಕು. ಆ ಮಿತಿ ಹಲವು ಪೆಟ್ಟಿಗೆಗಳಿಗೆ 30ರಿಂದ 50 ಡಿಗ್ರಿಯ ನಡುವೆ ಬರುತ್ತದೆ, ಕೆಲವಕ್ಕೆ ಇನ್ನೂ ಕಿರಿದು. ಮೇ ತಿಂಗಳ ಮಧ್ಯಾಹ್ನ ನಿಂಬರ್ಗಾದ ಬಯಲಿನಲ್ಲಿ ನಿಂತ ಗಾಡಿಯ ಎಣ್ಣೆ ಎಂಜಿನ್ ಶುರುವಾಗುವ ಮೊದಲೇ ಆ ಮಿತಿಯ ಮೇಲಂಚಿಗೆ ಬಂದಿರುತ್ತದೆ. ಕಾದ ಎಣ್ಣೆ ಹಿಗ್ಗಿ ಬಿರಡೆಯಿಂದ ಹರಿದುಹೋಗುತ್ತದೆ. ಮಿಸ್ತ್ರಿ ‘ಜಾಸ್ತಿ ಆಗಿತ್ತು’ ಎಂದು ಬಿರಡೆ ಹಾಕುತ್ತಾನೆ. ಬೆಳಿಗ್ಗೆ ತಣಿದಾಗ ಮಟ್ಟ ಕಡಿಮೆಯಾಗಿ, ಪಂಪು ಗಾಳಿ ಹೀರಿ, ಅಚ್ಚುಕಟ್ಟಾಗಿ ಕಟ್ಟಿದ ಪೆಟ್ಟಿಗೆಯ ಪ್ಲೇಟುಗಳು ಜಾರುತ್ತವೆ. ಈ ಕೆಲಸ ಬೇಸಿಗೆಯಲ್ಲಿ ಸೂರ್ಯ ಏರುವ ಮೊದಲೇ, ರಾತ್ರಿಯೆಲ್ಲ ನಿಂತ ಗಾಡಿಗೆ, ಸ್ಕ್ಯಾನರಿನಲ್ಲಿ ಉಷ್ಣತೆ ನೋಡುತ್ತಾ ಮಾಡಬೇಕಾದದ್ದು. ಆಮೇಲೆ ಕಂಪ್ಯೂಟರಿನ ಹಳೆ ಕಲಿಕೆಯನ್ನು ಅಳಿಸಿ ಹೊಸ ಪ್ಲೇಟುಗಳಿಗೆ ಒಗ್ಗಿಸಬೇಕು, ಹಗುರವಾಗಿ ಎಲ್ಲ ಗೇರುಗಳಲ್ಲೂ ಓಡಿಸಬೇಕು, ತಣಿದ ಮೇಲೆ ಸೋರಿಕೆ ನೋಡಬೇಕು. ಗಿರಾಕಿಗೆ ಕೊಡುವ ಬಿಲ್ಲಿನ ಜೊತೆ ಹಳೆ ಪ್ಲೇಟುಗಳು, ಅಳೆದ ಸಡಿಲುಗಳ ಅಂಕಿ, ಮೊದಲಿನ ಮತ್ತು ಆಮೇಲಿನ ಎಣ್ಣೆ ಒತ್ತಡ, ಹಾಕಿದ ಎಣ್ಣೆಯ ಹೆಸರು, ಮಟ್ಟ ನೋಡಿದಾಗಿನ ಉಷ್ಣತೆ ಇರಬೇಕು. ಅಸೆಂಬ್ಲಿಯೇ ಹೋಗಿದೆ ಎಂದು ಹೇಳುವವರ ಬಳಿಯೂ ಇದೇ ಅಂಕಿಗಳನ್ನು ಕೇಳಿ. ಒತ್ತಡ ಅಳೆಯದೆ, ಪ್ಯಾನು ಇಳಿಸದೆ, ಕೋಡು ತೋರಿಸದೆ ಕೊಟ್ಟ ಕೊಟೇಶನ್ನಿಗೆ ಸಹಿ ಹಾಕಬೇಡಿ.